ಕ್ಯಾಪ್ಸೂಲಿನ ಕವಚ ಮತ್ತು ಆಪದ್ಧರ್ಮ

ಔಷಧದ ಕ್ಯಾಪ್ಸೂಲಿನಲ್ಲಿ ಎರಡು ಭಾಗಗಳಿವೆ. ಒಳಗಿನ ಪುಡಿ, ಸಣ್ಣ ಹರಳು ಅಥವಾ ಎಣ್ಣೆ ರೋಗಕ್ಕೆ ಸಂಬಂಧಿಸಿದ್ದು. ಹೊರಗಿನ ಕವಚ ಅದನ್ನು ಹೊಟ್ಟೆಗೆ ಮುಟ್ಟಿಸಿ ಕರಗಿಹೋಗುವಂಥದ್ದು. ಧಾರ್ಮಿಕ ತಕರಾರು ಹೆಚ್ಚಾಗಿ ಎದ್ದಿರುವುದು ಈ ಕರಗಿಹೋಗುವ ಭಾಗದ ಮೇಲೆ. ಬಹುಪಾಲು ಕ್ಯಾಪ್ಸೂಲುಗಳ ಕವಚ ಜೆಲಟಿನ್‌ನದು. ಜೆಲಟಿನ್ ಬರುವುದು ದನ, ಎಮ್ಮೆ, ಹಂದಿಗಳ ಮೂಳೆ ಮತ್ತು ಚರ್ಮದಿಂದ. ಈಗ ಸಸ್ಯಮೂಲದ ಕವಚಗಳೂ ಮಾರುಕಟ್ಟೆಯಲ್ಲಿವೆ. ಮಾಂಸ ತಿನ್ನದವರಿಗೂ ಹಂದಿ ನಿಷಿದ್ಧವಾದವರಿಗೂ ಇದರಿಂದ ಸಮಸ್ಯೆ ಬಗೆಹರಿಯಿತು ಎನ್ನಿಸಬಹುದು. ವಾಸ್ತವದಲ್ಲಿ ಸಮಸ್ಯೆ ಜಾಗ ಬದಲಿಸಿದೆ, ಅಷ್ಟೆ. ಔಷಧಕ್ಕೆ ಧರ್ಮಗಳು ಕೊಟ್ಟ ವಿನಾಯಿತಿ ‘ಬೇರೆ ದಾರಿಯಿಲ್ಲ’ ಎಂಬ ಒಂದೇ ಕಂಬದ ಮೇಲೆ ನಿಂತಿತ್ತು. ಬೇರೆ ದಾರಿ ಕಂಡಮೇಲೆ ಆ ವಿನಾಯಿತಿ ಯಾರಿಗೆ, ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಹೊಸದಾಗಿ ಕೇಳಬೇಕಾಗಿದೆ.

ಜೆಲಟಿನ್ ಕ್ಯಾಪ್ಸೂಲಿಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1834ರಲ್ಲಿ, ಪ್ಯಾರಿಸಿನಲ್ಲಿ, ಮೋಥ್ ಮತ್ತು ದ್ಯೂಬ್ಲಾಂ ಎಂಬಿಬ್ಬರಿಗೆ. ಕೆಟ್ಟ ರುಚಿಯ ಔಷಧವನ್ನು ನಾಲಿಗೆಗೆ ತಾಗದಂತೆ ನುಂಗಿಸುವುದು ಅವರ ಉದ್ದೇಶವಾಗಿತ್ತು. ಈ ಚರಿತ್ರೆ ಧರ್ಮಚರ್ಚೆಗೂ ಮುಖ್ಯ: ಕವಚ ಹುಟ್ಟಿದ್ದು ಪ್ರಾಣ ಉಳಿಸಲಿಕ್ಕಲ್ಲ, ಕಹಿ ಮರೆಸಲಿಕ್ಕೆ. ಅಳತೆ ತಪ್ಪದಂತೆ ನೋಡಿಕೊಳ್ಳುವುದು, ಗಾಳಿ ಬೆಳಕಿನಿಂದ ಔಷಧವನ್ನು ಕಾಪಾಡುವುದು ಮುಂತಾದ ಕೆಲಸಗಳು ಆಮೇಲೆ ಅದರ ಹೆಗಲಿಗೆ ಬಿದ್ದವು. ಜೆಲಟಿನ್ ತಯಾರಿಕೆಯ ಕ್ರಮವೂ ತಿಳಿದಿರಬೇಕಾದದ್ದೇ. ದನ ಎಮ್ಮೆಗಳ ಮೂಳೆಯನ್ನು ಪುಡಿಮಾಡಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಹಾಕಿ ಸುಣ್ಣದಂಶ ತೆಗೆಯುತ್ತಾರೆ. ಉಳಿದ ಮೆತ್ತನೆಯ ಭಾಗವನ್ನು ಸುಣ್ಣದ ನೀರಿನಲ್ಲಿ ಹಲವು ವಾರ ಇಟ್ಟು, ತೊಳೆದು, ಬಿಸಿನೀರಿನಲ್ಲಿ ಬೇಯಿಸಿದರೆ ಅಂಟಾದ ರಸ ಬರುತ್ತದೆ. ಅದನ್ನು ಸೋಸಿ ಒಣಗಿಸಿದರೆ ಜೆಲಟಿನ್. ಹಂದಿಯ ಚರ್ಮಕ್ಕೆ ಸುಣ್ಣ ಬೇಕಿಲ್ಲ, ಆಮ್ಲದಲ್ಲೇ ಬೇಗ ಕೆಲಸ ಮುಗಿಯುತ್ತದೆ. ಕೈಗೆ ಬರುವ ಹಳದಿ ಪುಡಿಯಲ್ಲಿ ಮೂಳೆಯ ಆಕಾರವಿಲ್ಲ, ಮಾಂಸದ ವಾಸನೆಯಿಲ್ಲ.

ಕವಚ ಮಾಡುವ ಯಂತ್ರದಲ್ಲಿ ಸಾಲುಸಾಲಾಗಿ ನಿಂತ ಉಕ್ಕಿನ ಕಡ್ಡಿಗಳಿರುತ್ತವೆ. ಅವು ಬಿಸಿ ಜೆಲಟಿನ್ ದ್ರಾವಣದಲ್ಲಿ ಅದ್ದಿ ಮೇಲೇಳುತ್ತವೆ. ತಣ್ಣನೆಯ ಕಡ್ಡಿಯ ಮೇಲೆ ತೆಳು ಪದರ ಹೆಪ್ಪುಗಟ್ಟುತ್ತದೆ. ಒಣಗಿದಮೇಲೆ ಅದನ್ನು ಕಳಚಿ, ಅಳತೆಗೆ ಕತ್ತರಿಸಿ, ಟೊಪ್ಪಿಗೆಯನ್ನೂ ಬುಡವನ್ನೂ ಜೋಡಿಸುತ್ತಾರೆ. ಸಸ್ಯಮೂಲದ ಕವಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೈಡ್ರಾಕ್ಸಿಪ್ರೊಪೈಲ್ ಮಿಥೈಲ್ ಸೆಲ್ಯುಲೋಸ್. ಉಚ್ಚರಿಸಲು ಕಷ್ಟವಾದ ಈ ಹೆಸರನ್ನು ಉದ್ಯಮದವರು ಎಚ್‌ಪಿಎಂಸಿ ಎಂದು ಮುಗಿಸುತ್ತಾರೆ. ಮರದ ತಿರುಳಿನಿಂದ ಅಥವಾ ಹತ್ತಿಬೀಜಕ್ಕೆ ಅಂಟಿದ ಗಿಡ್ಡ ನಾರಿನಿಂದ ತೆಗೆದ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾ, ಮಿಥೈಲ್ ಕ್ಲೋರೈಡ್, ಪ್ರೊಪಿಲೀನ್ ಆಕ್ಸೈಡ್‌ಗಳೊಡನೆ ವರ್ತಿಸುವಂತೆ ಮಾಡಿ ಇದನ್ನು ಪಡೆಯುತ್ತಾರೆ. ಇದರ ಸ್ವಭಾವ ಜೆಲಟಿನ್‌ಗೆ ತಿರುವುಮುರುವು: ತಣ್ಣಗಾದರೆ ಕರಗುತ್ತದೆ, ಕಾಯಿಸಿದರೆ ಹೆಪ್ಪಾಗುತ್ತದೆ. ಹಾಗಾಗಿ ಕಡ್ಡಿಗಳನ್ನೇ ಬಿಸಿಮಾಡಬೇಕು, ಇಲ್ಲವೇ ಕ್ಯಾರಗೀನನ್, ಜೆಲ್ಲನ್‌ನಂಥ ಪದಾರ್ಥ ಬೆರೆಸಬೇಕು. ಜೆಲಟಿನ್ ಕವಚದಲ್ಲಿ ನೂರಕ್ಕೆ 13ರಿಂದ 16 ಭಾಗ ನೀರಿನಂಶವಿದ್ದರೆ ಇದರಲ್ಲಿ 3ರಿಂದ 8 ಭಾಗ ಮಾತ್ರ. ತೇವ ತಡೆಯದ ಔಷಧಕ್ಕೆ ಇದೇ ಒಳ್ಳೆಯದು. ಬೆಲೆ ಮಾತ್ರ ಹೆಚ್ಚು. ಮೂರನೆಯ ಬಗೆ ಪುಲ್ಲುಲನ್; ಅದು ಪಿಷ್ಟವನ್ನು ಉಂಡು ಬೆಳೆಯುವ ಒಂದು ಶಿಲೀಂಧ್ರ ಸ್ರವಿಸುವ ಪದಾರ್ಥ.

ಎರಡು ಪದಾರ್ಥಗಳ ಹುಟ್ಟನ್ನು ಅಕ್ಕಪಕ್ಕದಲ್ಲಿಟ್ಟರೆ ಮೊದಲ ತಾತ್ತ್ವಿಕ ತೊಡಕು ಕಾಣುತ್ತದೆ. ಸುಣ್ಣ, ಆಮ್ಲ, ಬಿಸಿನೀರುಗಳಲ್ಲಿ ಹಾದುಬಂದ ಜೆಲಟಿನ್ ಇನ್ನೂ ಪ್ರಾಣಿಯೇ ಎಂದು ಕೇಳುವವರು, ಕಾಸ್ಟಿಕ್ ಸೋಡಾ ಮತ್ತು ಮಿಥೈಲ್ ಕ್ಲೋರೈಡಿನಲ್ಲಿ ಹಾದುಬಂದ ಎಚ್‌ಪಿಎಂಸಿ ಇನ್ನೂ ಸಸ್ಯವೇ ಎಂದೂ ಕೇಳಬೇಕಾಗುತ್ತದೆ. ರಸಾಯನದ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಮಾರ್ಪಾಡಾದದ್ದು. ಜೆಲಟಿನ್‌ನಲ್ಲಿ ಪ್ರಾಣಿದೇಹದ ಕೊಲಾಜೆನ್ ಪ್ರೊಟೀನಿನ ಹೆಣಿಗೆ ಬಿಚ್ಚಿಕೊಂಡು ಅಲ್ಲಲ್ಲಿ ತುಂಡಾಗಿರುತ್ತದೆ, ಆದರೆ ಅಮೈನೋ ಆಮ್ಲಗಳ ಸರಪಳಿ ಗುರುತು ಹಿಡಿಯುವಷ್ಟು ಉಳಿದಿರುತ್ತದೆ. ದನದ್ದೋ ಹಂದಿಯದೋ ಎಂದು ಪ್ರಯೋಗಶಾಲೆ ಹೇಳಬಲ್ಲುದು. ಸಸ್ಯಾಹಾರವೆಂದು ಹಸಿರು ಗುರುತು ಹಾಕುವವರು ನೋಡುವುದು ಪದಾರ್ಥ ಎಲ್ಲಿಂದ ಬಂತು ಎಂಬುದನ್ನು. ಈಗ ಏನಾಗಿದೆ ಎಂಬುದನ್ನಲ್ಲ. ಮೂಲ ನೋಡಬೇಕೋ ಇಂದಿನ ಸ್ವರೂಪ ನೋಡಬೇಕೋ ಎಂಬ ಈ ಆಯ್ಕೆಯಲ್ಲೇ ಧರ್ಮಶಾಸ್ತ್ರಗಳು ಕವಲೊಡೆದಿವೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಈ ಚರ್ಚೆಗೆ ‘ಇಸ್ತಿಹಾಲಾ’ ಎಂದು ಹೆಸರು. ಅಶುದ್ಧ ವಸ್ತುವೊಂದು ಗುಣ, ಸ್ವರೂಪ ಎರಡನ್ನೂ ಬದಲಿಸಿ ಬೇರೆಯದೇ ಆದರೆ ಅಶುದ್ಧಿಯೂ ಹೋಗುತ್ತದೆಯೇ ಎಂಬುದು ಪ್ರಶ್ನೆ. ಮದ್ಯ ತಾನಾಗಿ ಹುಳಿಯಾಗಿ ವಿನೆಗರ್ ಆದರೆ ಅದು ಶುದ್ಧ ಎಂಬುದರಲ್ಲಿ ಒಮ್ಮತವಿದೆ. ಉಪ್ಪಿನ ಹೊಂಡಕ್ಕೆ ಬಿದ್ದ ಪ್ರಾಣಿ ಕಾಲಕ್ರಮದಲ್ಲಿ ಉಪ್ಪೇ ಆಗಿಬಿಟ್ಟರೆ ಆ ಉಪ್ಪು ಶುದ್ಧ ಎಂಬುದು ಹನಫೀ ಪಂಥದ ಹಳೆಯ ಉದಾಹರಣೆ. ಹನಫೀ ಮತ್ತು ಮಾಲಿಕೀ ಪಂಥಗಳು ಈ ತತ್ತ್ವವನ್ನು ಅಗಲವಾಗಿ ಒಪ್ಪಿದರೆ, ಶಾಫಿಈ ಮತ್ತು ಹಂಬಲೀ ಪಂಥಗಳು ವಿನೆಗರಿನಂಥ ಕೆಲವೇ ಸಂದರ್ಭಗಳಿಗೆ ಅದನ್ನು ಕಟ್ಟಿಹಾಕುತ್ತವೆ. ಜೆಲಟಿನ್ ವಿಷಯದಲ್ಲಿ ಎರಡು ದೊಡ್ಡ ಸಭೆಗಳು ಎರಡು ದಾರಿ ಹಿಡಿದವು. 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ, ಹಂದಿಯ ಜೆಲಟಿನನ್ನು ಆಹಾರದಲ್ಲಿ ಬಳಸಕೂಡದು, ಸಸ್ಯದಿಂದಲೋ ವಿಧಿವತ್ತಾಗಿ ಕೊಯ್ದ ಪ್ರಾಣಿಯಿಂದಲೋ ಬಂದದ್ದು ಇರುವಾಗ ಅದರ ಅಗತ್ಯವಿಲ್ಲ ಎಂದಿತು. 1995ರಲ್ಲಿ ಕುವೈತಿನಲ್ಲಿ ಇಸ್ಲಾಮೀ ವೈದ್ಯವಿಜ್ಞಾನ ಸಂಸ್ಥೆ ಕರೆದ ಸಭೆ, ಅಶುದ್ಧ ಪ್ರಾಣಿಯ ಮೂಳೆ, ಚರ್ಮ, ಸ್ನಾಯುರಜ್ಜುಗಳು ಮಾರ್ಪಟ್ಟು ಆದ ಜೆಲಟಿನ್ ಶುದ್ಧ, ಸೇವಿಸಬಹುದು ಎಂದಿತು. ಮೇಲುನೋಟಕ್ಕೆ ಎರಡೂ ತೀರ್ಮಾನಗಳು ಡಿಕ್ಕಿ ಹೊಡೆಯುತ್ತವೆ. ಆದರೆ ಅಮ್ಮಾನಿನ ಮಾತಿನಲ್ಲಿ ಬದಲಿ ಸಿಗುತ್ತದೆ ಎಂಬುದೇ ಆಧಾರ. ಕುವೈತಿನ ಮಾತಿನಲ್ಲಿ ಬದಲಿಯ ಪ್ರಸ್ತಾಪವೇ ಬೇಕಾಗಿಲ್ಲ, ವಸ್ತುವೇ ಶುದ್ಧವಾಗಿದೆ. ಸಸ್ಯದ ಕವಚ ಬಂದದ್ದರಿಂದ ಮೊದಲನೆಯ ವಾದಕ್ಕೆ ಬಲ ಬಂತು, ಎರಡನೆಯದಕ್ಕೆ ಏನೂ ಆಗಲಿಲ್ಲ.

ಯಹೂದಿ ಪಂಡಿತರ ಚರ್ಚೆಯೂ ಇದೇ ಜಾಡಿನಲ್ಲಿ ನಡೆದಿದೆ. ವಿಲ್ನಾದ ರಬ್ಬಿ ಖಾಯಿಂ ಓಜರ್ ಗ್ರೋಡ್ಜೆನ್ಸ್ಕಿ ಒಣಗಿ ಗಟ್ಟಿಯಾದ ಮೂಳೆಯಿಂದ ತೆಗೆದ ಜೆಲಟಿನನ್ನು ಒಪ್ಪಿದರು. ಅಮೆರಿಕದ ರಬ್ಬಿ ಆರೋನ್ ಕೋಟ್ಲರ್, ರಬ್ಬಿ ಮೋಶೆ ಫೈನ್‌ಸ್ಟೈನ್ ಒಪ್ಪಲಿಲ್ಲ. ಔಷಧದ ಪ್ರಶ್ನೆಗೆ ಮಾತ್ರ ಅಲ್ಲಿ ಇನ್ನೊಂದು ಬಾಗಿಲಿದೆ. ನಿಷೇಧ ಇರುವುದು ತಿನ್ನುವುದಕ್ಕೆ; ಅಗಿಯದೆ, ರುಚಿ ನೋಡದೆ ಗುಳಿಗೆ ನುಂಗುವುದು ಸಹಜ ರೀತಿಯ ತಿನ್ನುವಿಕೆಯಲ್ಲ. ಆದ್ದರಿಂದ ರೋಗಿಗೆ ಪ್ರಾಣಾಪಾಯ ಇರದಿದ್ದಾಗಲೂ ಅದನ್ನು ಸಡಿಲಿಸಬಹುದು ಎಂಬ ವಾದವಿದೆ. ಪ್ರಾಣಾಪಾಯ ಇದ್ದರಂತೂ ಬಹುತೇಕ ಎಲ್ಲ ನಿಷೇಧಗಳೂ ಹಿಂದೆ ಸರಿಯುತ್ತವೆ. ಈ ನುಂಗುವಿಕೆಯ ವಾದ ರೋಗಿಯನ್ನು ಮುಂದಿಟ್ಟುಕೊಂಡದ್ದು ಎಂಬುದನ್ನು ಮರೆಯಬಾರದು. ಆರೋಗ್ಯವಂತ ಮನುಷ್ಯ ಕೂದಲು ಹೊಳೆಯಲೆಂದು ನುಂಗುವ ವಿಟಮಿನ್ ಕ್ಯಾಪ್ಸೂಲಿಗೆ ಅದು ಅಷ್ಟು ಸಲೀಸಾಗಿ ಒದಗುವುದಿಲ್ಲ.

ವೈದಿಕ ಪರಂಪರೆಯಲ್ಲಿ ಮಾರ್ಪಾಡಿನ ವಾದವನ್ನು ಯಾರೂ ಇಷ್ಟು ಶಾಸ್ತ್ರಬದ್ಧವಾಗಿ ಬೆಳೆಸಿದಂತಿಲ್ಲ, ರೂಢಿಯಲ್ಲಿ ಮಾತ್ರ ಅದು ಇದೆ. ಶಂಖಭಸ್ಮ, ಪ್ರವಾಳಭಸ್ಮ, ಜಿಂಕೆಯ ಕೊಂಬು ಸುಟ್ಟು ಮಾಡಿದ ಶೃಂಗಭಸ್ಮ ಇವೆಲ್ಲ ಜೀವಿಗಳ ಅಂಗದಿಂದ ಬಂದವೇ. ಬೆಂಕಿಗೆ ಬಿದ್ದು ಬೂದಿಯಾದದ್ದಕ್ಕೆ ದೋಷವಿಲ್ಲವೆಂದು ಕಟ್ಟಾ ಸಸ್ಯಾಹಾರಿಗಳೂ ಅವನ್ನು ಜೇನಿನಲ್ಲಿ ಕಲಸಿ ನೆಕ್ಕಿದ್ದಾರೆ. ಸುಟ್ಟದ್ದಕ್ಕೆ ಇರುವ ಈ ರಿಯಾಯಿತಿ ಬೇಯಿಸಿದ್ದಕ್ಕೆ ಏಕಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವಿಲ್ಲ. ಚರಕಸಂಹಿತೆಯಂತೂ ಭಸ್ಮದ ಮರೆಯನ್ನೂ ಹಿಡಿಯುವುದಿಲ್ಲ. ಮಾಂಸವರ್ಗವನ್ನೇ ಪ್ರತ್ಯೇಕವಾಗಿ ವಿವರಿಸಿ, ಕ್ಷಯರೋಗಿಗೆ ಮಾಂಸರಸ ಹೇಳುತ್ತದೆ. ವೈದ್ಯದ ದೃಷ್ಟಿಯಲ್ಲಿ ದ್ರವ್ಯಕ್ಕೆ ಗುಣವಿದೆ, ಪಾಪಪುಣ್ಯವಿಲ್ಲ. ಪಾಪಪುಣ್ಯದ ಲೆಕ್ಕ ಧರ್ಮಶಾಸ್ತ್ರದ್ದು, ಅದರ ಮುಖ್ಯ ಉಪಕರಣ ಆಪದ್ಧರ್ಮ, ಅಂದರೆ ಆಪತ್ತಿನಲ್ಲಿ ಮಾತ್ರ ಸಲ್ಲುವ ನಡೆ.

ಆಪದ್ಧರ್ಮದ ಗಡಿಯನ್ನು ತೋರಿಸುವ ಅತ್ಯಂತ ಸ್ಪಷ್ಟವಾದ ಕಥೆ ಛಾಂದೋಗ್ಯ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿದೆ. ಕುರುದೇಶದಲ್ಲಿ ಬೆಳೆ ಹಾಳಾಗಿ ಬರ ಬಂದಿತ್ತು. ಉಷಸ್ತಿ ಚಾಕ್ರಾಯಣ ಎಂಬ ಬ್ರಾಹ್ಮಣ ಹೆಂಡತಿಯೊಡನೆ ಆನೆಯವರ ಊರೊಂದರಲ್ಲಿ ದಿಕ್ಕಿಲ್ಲದೆ ಇದ್ದ. ಅಲ್ಲೊಬ್ಬ ಕಾಳು ತಿನ್ನುತ್ತಿದ್ದ. ಉಷಸ್ತಿ ಬೇಡಿದ. ತನ್ನ ಮುಂದಿರುವ ಎಂಜಲು ಬಿಟ್ಟರೆ ಬೇರೇನೂ ಇಲ್ಲ ಎಂದ ಅವನು. ಅದನ್ನೇ ಕೊಡು ಎಂದು ಉಷಸ್ತಿ ಇಸಿದುಕೊಂಡು ತಿಂದ. ಆತ ನೀರನ್ನೂ ಮುಂದೊಡ್ಡಿದಾಗ ಮಾತ್ರ, ಅದು ಎಂಜಲು, ಬೇಡ ಎಂದ. ಕಾಳೂ ಎಂಜಲೇ ಅಲ್ಲವೇ ಎಂದು ಆತ ಕೇಳಿದ್ದು ಸಹಜವೇ. ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕಾದ ಕಡೆ ಸಿಗುತ್ತದೆ ಎಂಬರ್ಥದ ಉತ್ತರ ಬಂತು. ಮಾರನೆಯ ಬೆಳಗ್ಗೆ ರಾಜನ ಯಜ್ಞಕ್ಕೆ ನಡೆದುಹೋಗಲು ತ್ರಾಣ ಬೇಕಾಗಿ, ಹೆಂಡತಿ ಎತ್ತಿಟ್ಟಿದ್ದ ಅದೇ ಎಂಜಲು ಕಾಳಿನ ಶೇಷವನ್ನು, ಈಗ ಎಂಜಲಿನ ಎಂಜಲಾದದ್ದನ್ನು, ಅವನು ಮತ್ತೆ ತಿನ್ನುತ್ತಾನೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಎಲ್ಲ ಅನ್ನಕ್ಕೂ ಅನುಮತಿ ಇರುವುದು ಪ್ರಾಣ ಹೋಗುವ ಸಂದರ್ಭದಲ್ಲಿ ಮಾತ್ರ ಎಂದು ಹೇಳುವ ಕಡೆ ಶಂಕರಾಚಾರ್ಯರು ಆಧಾರವಾಗಿ ತರುವುದು ಇದೇ ಕಥೆಯನ್ನು. ಅನುಮತಿ ಸಿಗುವುದು ಮನುಷ್ಯನಿಗಲ್ಲ, ಸಂದರ್ಭಕ್ಕೂ ಅಲ್ಲ. ಆ ಸಂದರ್ಭದಲ್ಲಿ ಬೇರೆಲ್ಲೂ ಸಿಗದ ಒಂದೊಂದು ವಸ್ತುವಿಗೆ. ಒಂದೇ ಕೈ ಒಂದೇ ಹೊತ್ತಿನಲ್ಲಿ ನೀಡಿದ ಎರಡರಲ್ಲಿ ಒಂದು ಸಲ್ಲುತ್ತದೆ, ಇನ್ನೊಂದು ಸಲ್ಲುವುದಿಲ್ಲ.

ಈ ಅಳತೆಗೋಲನ್ನು ಕ್ಯಾಪ್ಸೂಲಿಗೆ ಹಿಡಿದರೆ ಒಳಗಿನ ಔಷಧ ಕಾಳಿನ ಸ್ಥಾನದಲ್ಲಿ, ಹೊರಗಿನ ಕವಚ ನೀರಿನ ಸ್ಥಾನದಲ್ಲಿ ನಿಲ್ಲುತ್ತದೆ. ಆದರೆ ನೀರು ನಿಜವಾಗಿಯೂ ಬೇರೆ ಕಡೆ ಸಿಗಬೇಕು. ರಾತ್ರಿ ಹನ್ನೊಂದಕ್ಕೆ ಊರಿನ ಒಂದೇ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯಾಟಿಕ್ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಮಾತ್ರ ಇದ್ದರೆ, ಎಲ್ಲೋ ಒಂದು ಕಾರ್ಖಾನೆಯಲ್ಲಿ ಎಚ್‌ಪಿಎಂಸಿ ಕವಚ ತಯಾರಾಗುತ್ತಿದೆ ಎಂಬುದರಿಂದ ಆ ರೋಗಿಗೆ ಉಪಯೋಗವಿಲ್ಲ. ಪ್ರಮಾಣದ ಲೆಕ್ಕವನ್ನೂ ನೋಡಬಹುದು. ಸೊನ್ನೆ ಅಳತೆಯ ಖಾಲಿ ಕವಚ ಸುಮಾರು 100 ಮಿಲಿಗ್ರಾಂ ತೂಗುತ್ತದೆ. ದಿನಕ್ಕೆ ಮೂರರಂತೆ ಐದು ದಿನ ನುಂಗಿದರೆ ಹೊಟ್ಟೆಗೆ ಹೋಗುವ ಜೆಲಟಿನ್ ಒಂದೂವರೆ ಗ್ರಾಂ. ಅದೇ ಅಳತೆಯ ಪೌಷ್ಟಿಕ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ವರ್ಷವಿಡೀ ನುಂಗಿದರೆ 36 ಗ್ರಾಂಗೂ ಹೆಚ್ಚು. ಅಗತ್ಯ ಎಲ್ಲಿ ಕಡಿಮೆಯೋ ಅಲ್ಲಿಯೇ ಸೇವನೆ ಹೆಚ್ಚು. ಆಪದ್ಧರ್ಮದ ಹೆಸರು ಹೇಳಿ ಜೆಲಟಿನನ್ನು ಒಪ್ಪಿಕೊಂಡವರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಾಗದು. ಸಸ್ಯದ ಕವಚ ಮೊದಲು ಮತ್ತು ಹೆಚ್ಚಾಗಿ ಬಂದಿರುವುದೂ ಪೌಷ್ಟಿಕ ಪದಾರ್ಥಗಳಲ್ಲಿಯೇ. ಅಲ್ಲಿ ಗಿರಾಕಿಗೆ ಆಯ್ಕೆಯಿದೆ, ಹೆಚ್ಚಿನ ಬೆಲೆ ಕೊಡುವ ಮನಸ್ಸೂ ಇದೆ.

ಜೈನ ವೈದ್ಯಪರಂಪರೆ ಈ ಸಮಸ್ಯೆಯನ್ನು ಬೇರೆ ತುದಿಯಿಂದ ಹಿಡಿದುಕೊಂಡಿತು, ಅದು ನಡೆದದ್ದು ಕನ್ನಡ ನೆಲದಲ್ಲಿ. ಒಂಬತ್ತನೆಯ ಶತಮಾನದ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥ ಬರೆದ. ಅದರ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯ ಔಷಧವಾಗಿ ಮಾಂಸ ಸಲ್ಲದು ಎಂದು ನೃಪತುಂಗ ರಾಜನ ಆಸ್ಥಾನದಲ್ಲಿ ವಿದ್ವಾಂಸರ ಮುಂದೆ ಮಂಡಿಸಿದ ವಾದ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದನ ಹೆಸರಿನ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. ಅದರಲ್ಲಿ ಹೇಳಿರುವ ಚಿಕಿತ್ಸೆ ಪೂರ್ತಿ ಮದ್ಯಮಾಂಸರಹಿತ ಎಂಬುದನ್ನು ಕನ್ನಡ ಸಾಹಿತ್ಯಚರಿತ್ರೆ ಬರೆದವರು ವಿಶೇಷವಾಗಿ ಗುರುತಿಸಿದ್ದಾರೆ. ಈ ವೈದ್ಯರು ಆಪತ್ತಿನ ಹೆಸರಿನಲ್ಲಿ ವಿನಾಯಿತಿ ಕೇಳಲಿಲ್ಲ. ಮಾಂಸವಿಲ್ಲದೆ ಗುಣವಾಗುವುದಿಲ್ಲ ಎಂಬ ಮಾತನ್ನೇ ಸುಳ್ಳುಮಾಡಲು ಹೊರಟು, ಒಂದೊಂದು ರೋಗಕ್ಕೂ ಬೇರೆ ಔಷಧ ಹುಡುಕಿದರು. ಸಸ್ಯಮೂಲದ ಕವಚದ ಹಿಂದಿರುವ ವಿಚಾರ ಹೊಸದೇನಲ್ಲ ಎನ್ನಲು ಇದು ಸಾಕು. ಹೊಸದಾಗಿರುವುದು ಅದರ ಹಿಂದಿನ ವ್ಯಾಪಾರ.

ಆದರೆ ಜೈನರಲ್ಲೂ ದೇಹಕ್ಕೂ ವ್ರತಕ್ಕೂ ಹೊಂದಾಣಿಕೆ ತಪ್ಪಿದ ಪ್ರಸಂಗ ಇದೆ. ‘ರತ್ನಕರಂಡಕ ಶ್ರಾವಕಾಚಾರ’ ಬರೆದ ಸಮಂತಭದ್ರ ಬರಗಾಲ, ಮುಪ್ಪು, ಗುಣವಾಗದ ರೋಗಗಳಲ್ಲಿ ಸಲ್ಲೇಖನವನ್ನು ಹೇಳುತ್ತಾನೆ. ಉಷಸ್ತಿ ಎಂಜಲು ತಿಂದ ಅದೇ ಬರಗಾಲಕ್ಕೆ ಇಲ್ಲಿ ಉತ್ತರ ಊಟ ಬಿಡುವುದು. ಇಷ್ಟಾದರೂ ಸಮಂತಭದ್ರನ ಬಗ್ಗೆಯೇ ಪ್ರಚಲಿತವಾದ ಕಥೆಯೊಂದಿದೆ. ಎಷ್ಟು ತಿಂದರೂ ಹಸಿವು ಅಡಗದ ಭಸ್ಮಕ ರೋಗ ಹತ್ತಿದಾಗ ಅವನು ಗುರುವಿನ ಬಳಿ ಸಲ್ಲೇಖನಕ್ಕೆ ಅಪ್ಪಣೆ ಕೇಳಿದ. ಗುರು ಕೊಡಲಿಲ್ಲ, ಅವನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಾಕಿಯಿದೆ, ಮುನಿವೇಷ ಬಿಟ್ಟು ರೋಗ ವಾಸಿಮಾಡಿಕೊಂಡು ಬಾ ಎಂದ. ಶಿವಾಲಯವೊಂದರಲ್ಲಿ ದೇವರಿಗಿಟ್ಟ ರಾಶಿ ನೈವೇದ್ಯವನ್ನು ತಿಂದು ಗುಣವಾದಮೇಲೆ ಅವನು ಮತ್ತೆ ದೀಕ್ಷೆ ಪಡೆದ ಎನ್ನುತ್ತದೆ ಕಥೆ. ವ್ರತದೊಳಗೇ ಇದ್ದುಕೊಂಡು ಅದರ ಅರ್ಥವನ್ನು ಹಿಗ್ಗಿಸಲಿಲ್ಲ. ವ್ರತವನ್ನು ಬಿಟ್ಟದ್ದೂ ಬಹಿರಂಗ, ಮತ್ತೆ ಹಿಡಿದದ್ದೂ ಬಹಿರಂಗ.

ಗಾಂಧೀಜಿಯ ಹಾಲಿನ ಪ್ರಸಂಗ ಇದರ ಪಕ್ಕದಲ್ಲಿಟ್ಟು ನೋಡುವಂಥದ್ದು. ಹಸು ಎಮ್ಮೆಗಳಿಂದ ಹಿಂಸೆ ಮಾಡಿ ಹಾಲು ಕರೆಯುವ ಕ್ರಮವನ್ನು ಕೇಳಿ ಅವರು ಹಾಲನ್ನೇ ಬಿಟ್ಟಿದ್ದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವ ಕೆಲಸದಲ್ಲಿದ್ದಾಗ ಬಂದ ಕಾಯಿಲೆ ಅವರನ್ನು ಹಾಸಿಗೆಗೆ ಅಂಟಿಸಿತು. ವೈದ್ಯರು ಹಾಲು ಬೇಕೇಬೇಕು ಎಂದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರವಾದರೆ ಆಡಿನ ಹಾಲಿಗೆ ಏನು ಅಡ್ಡಿ ಎಂದು ಕಸ್ತೂರಬಾ ಕೇಳಿದರು. ಗಾಂಧೀಜಿ ಒಪ್ಪಿದರು, ಬದುಕಿದರು, ವ್ರತದ ಅಕ್ಷರ ಉಳಿಸಿ ಆತ್ಮವನ್ನು ಕೊಂದೆನೆಂದು ಆತ್ಮಕಥೆಯಲ್ಲಿ ನೊಂದುಕೊಂಡರು. ಜೆಲಟಿನ್ ಮಾಂಸವಲ್ಲ, ಬರೀ ಪ್ರೊಟೀನು ಎಂದು ಸಮಾಧಾನ ಹೇಳುವವರು ಆಡಿನ ಹಾಲಿನ ದಾರಿಯಲ್ಲಿದ್ದಾರೆ. ಆ ದಾರಿ ತಪ್ಪೆಂದಲ್ಲ, ಅದಕ್ಕೆ ತೆರಬೇಕಾದ ಬೆಲೆಯನ್ನು ಗಾಂಧೀಜಿ ಮುಚ್ಚಿಡಲಿಲ್ಲ.

ಜೆಲಟಿನ್‌ಗೋಸ್ಕರ ಯಾರೂ ಪ್ರಾಣಿಯನ್ನು ಕೊಲ್ಲುವುದಿಲ್ಲ, ಕಸಾಯಿಖಾನೆಯಲ್ಲಿ ಉಳಿದದ್ದನ್ನು ಬಳಸುತ್ತಾರೆ ಅಷ್ಟೆ ಎಂಬುದು ಇನ್ನೊಂದು ವಾದ. ಇದಕ್ಕೆ ಬೌದ್ಧ ಗ್ರಂಥಗಳಲ್ಲಿ ಸಮೀಪದ ಆಧಾರವಿದೆ. ಜೀವಕನೆಂಬ ವೈದ್ಯ ಕೇಳಿದ ಪ್ರಶ್ನೆಗೆ ಬುದ್ಧ ಕೊಟ್ಟ ಉತ್ತರದ ಪ್ರಕಾರ, ತನಗಾಗಿ ಕೊಂದದ್ದೆಂದು ಭಿಕ್ಷು ನೋಡಿರದ, ಕೇಳಿರದ, ಶಂಕಿಸಿರದ ಮಾಂಸ ಸ್ವೀಕಾರಾರ್ಹ. ಮನುಸ್ಮೃತಿಯ ಐದನೆಯ ಅಧ್ಯಾಯ ಇದಕ್ಕೆ ತದ್ವಿರುದ್ಧ ನಿಲುವಿನದು: ಒಪ್ಪಿಗೆ ಕೊಟ್ಟವನಿಂದ ಹಿಡಿದು ಕೊಳ್ಳುವವನು, ಮಾರುವವನು, ಬೇಯಿಸುವವನು, ಬಡಿಸುವವನವರೆಗೆ ಎಲ್ಲರನ್ನೂ ಅದು ಕೊಂದವರ ಪಟ್ಟಿಗೆ ಸೇರಿಸುತ್ತದೆ. ಮೂಳೆ ಚರ್ಮಗಳ ಮಾರಾಟದಿಂದ ಬರುವ ಹಣ ಕಸಾಯಿಖಾನೆಯ ಲಾಭದಲ್ಲಿ ಸೇರುವುದರಿಂದ ಇಂದಿನ ಅರ್ಥಶಾಸ್ತ್ರ ಮನುವಿನ ಪಟ್ಟಿಯ ಕಡೆಗೇ ವಾಲುತ್ತದೆ. ತಾನಾಗಿ ಸತ್ತ ದನದ ಚರ್ಮವನ್ನೇ ಬಳಸಬೇಕು ಎಂದು ಗಾಂಧೀಜಿ ಪ್ರಚಾರ ಮಾಡಿದ್ದುಂಟು. ಸತ್ತ ದನದ ಮೂಳೆಯಿಂದ ಜೆಲಟಿನ್ ತೆಗೆದರೆ ಹಿಂಸೆಯ ದೋಷ ತಟ್ಟದು ಎಂದು ಅದೇ ಧಾಟಿಯಲ್ಲಿ ವಾದಿಸಬಹುದು. ಆದರೆ ಪುಡಿಯಾದ ಮೂಳೆಯ ರಾಶಿ ನೋಡಿ ಅದರ ಹಿಂದಿನ ಸಾವು ಯಾವ ಬಗೆಯದು ಎಂದು ಹೇಳಲಾಗದು. ಮೃದಂಗದ ಮುಚ್ಚಳಿಕೆಯ ಚರ್ಮಕ್ಕೆ ಇಲ್ಲದ ತಕರಾರು ಕ್ಯಾಪ್ಸೂಲಿಗೆ ಏಕೆ ಎಂದು ಕೇಳುವವರಿಗೂ ಉತ್ತರ ಕೊಡುವುದು ಕಷ್ಟ. ಹೊಟ್ಟೆಯೊಳಗೆ ಹೋಗುವುದು ಬೇರೆ ಎಂಬ ಭಾವನೆ ಬಲವಾದದ್ದು, ಆದರೆ ಅದು ಶುಚಿತ್ವದ ಮಾತು, ಅಹಿಂಸೆಯದಲ್ಲ. ಈ ಎರಡೂ ಸಾಮಾನ್ಯವಾಗಿ ಒಟ್ಟಿಗೆ ನಡೆಯುವುದರಿಂದ ಒಂದೇ ಎಂದು ತೋರುತ್ತವೆ.

ಭಾರತದ ಕಾನೂನು ಈ ಎಲ್ಲ ಚರ್ಚೆಯನ್ನು ಆಹಾರ, ಔಷಧ ಎಂಬ ಎರಡು ಖಾನೆಗಳಲ್ಲಿ ಹಂಚಿಬಿಟ್ಟಿದೆ. ಪೊಟ್ಟಣದ ಆಹಾರಕ್ಕೆ ಹಸಿರು ಅಥವಾ ಕಂದು ಗುರುತು ಕಡ್ಡಾಯ; ಪೌಷ್ಟಿಕ ಕ್ಯಾಪ್ಸೂಲು ಆಹಾರದ ನಿಯಮಕ್ಕೆ ಒಳಪಟ್ಟರೆ ಅದಕ್ಕೂ ಗುರುತು ಬೇಕು. ಅದೇ ಕಾರ್ಖಾನೆಯ ಅದೇ ಜೆಲಟಿನ್ ಕವಚ ಔಷಧವಾಗಿ ಹೊರಬಂದರೆ ಗುರುತು ಬೇಕಾಗಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಯೊಂದರಲ್ಲಿ ದೆಹಲಿ ಹೈಕೋರ್ಟ್ 2002ರಲ್ಲಿ, ತಾನು ಬಳಸುವ ಸೌಂದರ್ಯಸಾಧನ ಮತ್ತು ಔಷಧಗಳಲ್ಲಿ ಪ್ರಾಣಿಜನ್ಯ ಪದಾರ್ಥವಿದೆಯೇ ಎಂದು ತಿಳಿಯುವ ಹಕ್ಕು ಗ್ರಾಹಕನಿಗಿದೆ ಎಂದು ತೀರ್ಪು ಕೊಟ್ಟಿತು. ಪ್ರಾಣರಕ್ಷಕ ಔಷಧಗಳನ್ನು ಮಾತ್ರ ಹೊರಗಿಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು; ಇಂಥ ನಿಯಮ ಮಾಡುವುದು ಸರ್ಕಾರಕ್ಕೆ ಬಿಟ್ಟ ವಿಷಯ ಎಂಬುದು ಅದರ ನಿಲುವು. 2016ರ ಸುಮಾರಿಗೆ ಆಗಿನ ಕೇಂದ್ರ ಸಚಿವೆ ಮೇನಕಾ ಗಾಂಧಿ ಜೆಲಟಿನ್ ಬದಲು ಸಸ್ಯದ ಕವಚ ತರಬೇಕೆಂದು ಆರೋಗ್ಯ ಸಚಿವಾಲಯವನ್ನು ಒತ್ತಾಯಿಸಿದರು. ಆಹಾರದಂತೆ ಔಷಧವನ್ನು ಯಾರೂ ಇಷ್ಟಪಟ್ಟು ಆರಿಸಿಕೊಳ್ಳುವುದಿಲ್ಲ, ಆದ್ದರಿಂದ ಗುರುತು ಬೇಡ ಎಂಬುದು ಎದುರುವಾದ. ಸಚಿವಾಲಯದ ಕಡತದಲ್ಲಿ ಕಾಣಿಸಿಕೊಂಡ ಆಪದ್ಧರ್ಮ ಇದು.

ರೋಗಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯೂ ಹಳೆಯದೇ. ಚರಕಸಂಹಿತೆಯ ರಾಜಯಕ್ಷ್ಮ ಚಿಕಿತ್ಸೆಯಲ್ಲಿ, ಕೆಲವು ಪ್ರಾಣಿಗಳ ಮಾಂಸವನ್ನು ಬೇರೆ ಹೆಸರು ಹೇಳಿ ಬಡಿಸಬೇಕು ಎಂಬ ಸೂಚನೆಯಿದೆ. ಹುರಿದ ಎರೆಹುಳುವನ್ನು ಮೀನಿನ ಕರುಳು ಎಂದು ಹೇಳಿ ಕೊಡಬೇಕು. ನಿಜ ಗೊತ್ತಾದರೆ ರೋಗಿ ಹೇಸಿ ತಿನ್ನುವುದಿಲ್ಲ, ತಿಂದರೂ ವಾಂತಿ ಮಾಡಿಕೊಳ್ಳುತ್ತಾನೆ. ಇಲ್ಲಿ ವೈದ್ಯ ರೋಗಿಯ ಹೇಸಿಗೆಯನ್ನು ದಾಟಿಸುತ್ತಿದ್ದಾನೆ, ವ್ರತವನ್ನಲ್ಲ ಎಂಬ ವ್ಯತ್ಯಾಸ ದೊಡ್ಡದು. ಹೇಸಿಗೆ ಗೊತ್ತಿರದಾಗ ಇರುವುದಿಲ್ಲ, ವ್ರತ ಇರುತ್ತದೆ. ಇಂದಿನ ಮಾತ್ರೆಪಟ್ಟಿಯಲ್ಲಿ ಸುಳ್ಳಿಲ್ಲ. ಹಿಂಬದಿಯ ಬೆಳ್ಳಿಹಾಳೆಯ ಮೇಲೆ ‘ಪ್ರತಿ ಹಾರ್ಡ್ ಜೆಲಟಿನ್ ಕ್ಯಾಪ್ಸೂಲಿನಲ್ಲಿ’ ಎಂಬ ಅರ್ಥದ ಇಂಗ್ಲಿಷ್ ಸಾಲು, ಕೊನೆಗೆ ಕವಚದಲ್ಲಿ ಅನುಮತಿಸಿದ ಬಣ್ಣ ಬಳಸಲಾಗಿದೆ ಎಂಬ ಮತ್ತೊಂದು ಸಾಲು ಸಾಸಿವೆಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಓದು ಬಲ್ಲವರಿಗೆ ಅದು ತಿಳಿವಳಿಕೆ. ಇಂಗ್ಲಿಷ್ ಬಾರದ, ಜೆಲಟಿನ್ ಎಂದರೆ ಏನೆಂದು ಗೊತ್ತಿರದ ಮುದುಕಿಗೆ ಅದು ಮೌನಕ್ಕೆ ಸಮ. ಗೊತ್ತಿಲ್ಲದೆ ನುಂಗಿದವರಿಗೆ ದೋಷವಿಲ್ಲ ಎಂದು ಹೆಚ್ಚುಕಡಿಮೆ ಎಲ್ಲ ಧರ್ಮಗಳೂ ಹೇಳಿಯಾವು. ಗೊತ್ತಿದ್ದೂ ಹೇಳದವರ ಬಗ್ಗೆ ಹಾಗೆ ಹೇಳುವುದಿಲ್ಲ.

ಕವಚ ತೆಗೆದು ಪುಡಿಯನ್ನು ಜೇನಿನಲ್ಲಿ ಕಲಸಿ ತಿನ್ನುವ ಉಪಾಯ ಕೆಲವು ಮನೆಗಳಲ್ಲಿದೆ. ಆದರೆ ಒಮಿಪ್ರಜೋಲ್‌ನಂಥ ಔಷಧದ ಹರಳುಗಳಿಗೆ ಜಠರದ ಆಮ್ಲ ತಾಗದಂತೆ ಲೇಪನವಿರುತ್ತದೆ. ಅವನ್ನು ಅರೆದರೆ ಔಷಧ ಕೆಲಸಮಾಡದು. ಡಾಕ್ಸಿಸೈಕ್ಲಿನ್‌ನಂಥದು ಅನ್ನನಾಳಕ್ಕೆ ಅಂಟಿದರೆ ಹುಣ್ಣಾಗುತ್ತದೆ. ಜೈನರಿಗಂತೂ ಮದ್ಯ, ಮಾಂಸಗಳ ಜೊತೆಗೆ ಮಧುವೂ ವರ್ಜ್ಯ; ಒಂದು ನಿಷಿದ್ಧವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ನೆಕ್ಕಿದಂತಾಗುತ್ತದೆ. ಅದೇ ಔಷಧ ಮಾತ್ರೆಯಾಗಿ ಅಥವಾ ಸಿರಪ್ ಆಗಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳುವುದು ಇದಕ್ಕಿಂತ ಸರಳ. ಅಮಾಕ್ಸಿಸಿಲಿನ್ ಮೂರೂ ರೂಪಗಳಲ್ಲಿ ಇದೆ.

ಸಸ್ಯದ ಕವಚಕ್ಕೂ ತನ್ನದೇ ಪ್ರಶ್ನೆಗಳಿವೆ. ಪುಲ್ಲುಲನ್ ಶಿಲೀಂಧ್ರದ ಹುದುಗುವಿಕೆಯಿಂದ ಬರುವುದರಿಂದ, ಸೂಕ್ಷ್ಮಜೀವಿಗಳನ್ನೂ ಹಿಂಸೆಯ ಲೆಕ್ಕಕ್ಕೆ ತರುವ ಕಟ್ಟುನಿಟ್ಟಿನ ಜೈನ ಆಚಾರಕ್ಕೆ ಮರದ ಸೆಲ್ಯುಲೋಸಿಗಿಂತ ಅದು ಹೆಚ್ಚು ತೊಡಕಿನದಾಗಬಹುದು. ಕವಚಕ್ಕೆ ಕೊಡುವ ಕೆಂಪು ಬಣ್ಣ ಕಾಚಿನೀಲ್ ಹುಳುವಿನದಾಗಿರಬಹುದು, ಮಾತ್ರೆಯ ಹೊಳಪು ಅರಗಿನ ಹುಳುವಿನ ಶೆಲ್ಲಾಕ್ ಆಗಿರಬಹುದು. ಕವಚ ಬದಲಾದ ಮಾತ್ರಕ್ಕೆ ಒಳಗಿನದೂ ಸಸ್ಯವಾಗುವುದಿಲ್ಲ. ಹಲವು ವಿಟಮಿನ್ ಡಿ3 ಪದಾರ್ಥಗಳ ಮೂಲ ಕುರಿಯ ಉಣ್ಣೆಯ ಕೊಬ್ಬು, ಮೀನೆಣ್ಣೆಯ ಕ್ಯಾಪ್ಸೂಲಂತೂ ಹೆಸರಿನಲ್ಲೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಇಡೀ ಔಷಧವೇ ಪ್ರಾಣಿಜನ್ಯವಾದಾಗ ಕವಚದ ಚರ್ಚೆಗೆ ಅರ್ಥವಿರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಡಯಾಲಿಸಿಸ್‌ನಲ್ಲಿಯೂ ಹೃದಯದ ಶಸ್ತ್ರಚಿಕಿತ್ಸೆಯಲ್ಲಿಯೂ ಕೊಡುವ ಹೆಪಾರಿನ್ ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ ಬರುತ್ತದೆ. ಕೃತಕವಾಗಿ ತಯಾರಿಸಿದ ಫೊಂಡಪಾರಿನಕ್ಸ್ ಕೆಲವು ಸಂದರ್ಭಗಳಲ್ಲಿ ಅದರ ಬದಲಿಗೆ ಒದಗುತ್ತದೆ. ಕಾಲಿನ ರಕ್ತನಾಳದಲ್ಲಿ ಗಡ್ಡೆಕಟ್ಟಿದ ರೋಗಿ, ಮೂತ್ರಪಿಂಡ ಚೆನ್ನಾಗಿದ್ದರೆ, ಅದನ್ನು ಕೇಳಿ ಪಡೆಯಬಹುದು. ಮೂತ್ರಪಿಂಡ ತೀರಾ ಕೆಟ್ಟವರಿಗೆ ಫೊಂಡಪಾರಿನಕ್ಸ್ ಕೊಡುವಂತಿಲ್ಲ. ಉಷಸ್ತಿಯ ಅಳತೆಯಲ್ಲಿ ಮೊದಲನೆಯವನಿಗೆ ಹೆಪಾರಿನ್ ನೀರು, ಎರಡನೆಯವನಿಗೆ ಕಾಳು.